ಅಡಿಕೆ ಮರದ ಸುಳಿ ಹೋದ್ರೆ ಮರಾನೇ ಯಾಕೆ ಹೋಗುತ್ತೆ? ಸಸ್ಯ ಅಂಗಾಂಶದ ನೋಟ್ಸ್

ಮೊದ್ಲು ಒಂದು ವಿಷಯ ತಲೇಲಿ ಕೂರಿಸ್ಕೊಳ್ಳಿ, ಗಿಡ ನಮ್ ಥರ ಮೈತುಂಬಾ ಬೆಳೆಯಲ್ಲ, ಅದಕ್ಕೆ ಅಂತಾನೇ ಕೆಲವು ಜಾಗ ಇರುತ್ತೆ, ಅಲ್ಲಿರೋ ಕೋಶಗಳು ಮಾತ್ರ ವಿಭಜನೆ ಆಗ್ತಾನೇ ಇರ್ತವೆ. ಇದೇ ವರ್ಧನ ಅಂಗಾಂಶ. ಹಲಸಿನ ಮರಕ್ಕೆ ಎದೆಮಟ್ಟದಲ್ಲಿ ಮೊಳೆ ಹೊಡೆದು ಹತ್ತು ವರ್ಷ ಬಿಟ್ಟು ಬಂದ್ರೂ ಮೊಳೆ ಅದೇ ಎತ್ತರದಲ್ಲಿರುತ್ತೆ, ಯಾಕಂದ್ರೆ ಮರ ಉದ್ದ ಆಗೋದು ತುದೀಲಿ, ಬುಡದಲ್ಲಲ್ಲ.

ತುದಿ ವರ್ಧನ ಅಂಗಾಂಶ ಕಾಂಡದ ತುದೀಲೂ ಇದೆ, ಬೇರಿನ ತುದೀಲೂ ಇದೆ. ಮಾವಿನ ಗಿಡದ ತುದಿ ಚಿವುಟಿದ್ರೆ ಏನೂ ಆಗಲ್ಲ, ಪಕ್ಕದ ಮೊಗ್ಗುಗಳನ್ನ ತಡೆದಿಟ್ಟಿದ್ದ ಆಕ್ಸಿನ್ ಅನ್ನೋ ಹಾರ್ಮೋನು ಅಲ್ಲಿಂದ ಬರೋದು ನಿಂತು ಪಕ್ಕದ ಮೊಗ್ಗುಗಳು ಚಿಗುರ್ತವೆ. ಆದ್ರೆ ತೆಂಗು ಅಡಿಕೆಗೆ ಇರೋದು ಒಂದೇ ಸುಳಿ, ಮೇಲೆ ಬೇರೆ ಮೊಗ್ಗಿಲ್ಲ, ಅದಕ್ಕೇ ಸುಳಿಕೊಳೆ ರೋಗ ಬಂದು ಅದು ಕೊಳೆತು ಹೋಯ್ತು ಅಂದ್ರೆ ಬುಡ ಎಷ್ಟೇ ಗಟ್ಟಿಯಾಗಿದ್ರೂ ಮರದ ಕಥೆ ಮುಗೀತು.

ದಪ್ಪ ಆಗೋಕೆ ಪಾರ್ಶ್ವ ವರ್ಧನ ಅಂಗಾಂಶ ಬೇಕು, ಮುಖ್ಯವಾಗಿ ಕ್ಯಾಂಬಿಯಂ. ಇದು ಒಳಗಡೆಗೆ ಕ್ಸೈಲಂ (ನೀರು ಸಾಗಿಸೋ ಅಂಗಾಂಶ), ಹೊರಗಡೆಗೆ ಫ್ಲೋಯಂ (ಆಹಾರ ಸಾಗಿಸೋ ಅಂಗಾಂಶ) ಮಾಡ್ತಾ ಹೋಗುತ್ತೆ. ತೇಗ, ಹಲಸಿಗೆ ಇದೆ, ಅಡಿಕೆಗೆ ಇಲ್ಲ, ಅದಕ್ಕೇ ಅಡಿಕೆ ಮರ ವಯಸ್ಸಾದ್ರೂ ಸಣಕಲಾಗೇ ಇರುತ್ತೆ. ಹೊರಗಡೆ ಕಾಣೋ ಬಳೆ ಬಳೆ ಗುರುತು ಸೋಗೆ ಬಿದ್ದ ಜಾಗ, ಅದನ್ನ ವಾರ್ಷಿಕ ಉಂಗುರ ಅಂತ ಬರೀಬೇಡಿ, ಮಾರ್ಕ್ಸ್ ಹೋಗುತ್ತೆ!

ಮೂರನೇದು ಅಂತರ ವರ್ಧನ ಅಂಗಾಂಶ, ಎಲೆ ಬುಡದಲ್ಲಿ, ಗೆಣ್ಣಿನ ಹತ್ರ ಇರುತ್ತೆ. ಹಸು ಮೇಯ್ದ ಹುಲ್ಲು ಮತ್ತೆ ಬೆಳೆಯೋದು ಇದ್ರಿಂದಾನೇ. ಬಾಳೆನೂ ನೋಡಿ, ಗೊನೆ ಬಿಡೋಕೆ ಮುಂಚೆ ಅಡ್ಡ ಕಡಿದ್ರೆ ಮರುದಿನಕ್ಕೆ ನಡುವಿನ ಎಲೆಸುರುಳಿ ಮೇಲಕ್ಕೆ ನುಗ್ಗಿರುತ್ತೆ, ಸುತ್ತಲಿನ ಪದರ ಮಾತ್ರ ಕಡಿದಲ್ಲೇ ಇರುತ್ತೆ, ಯಾಕಂದ್ರೆ ಎಳೇ ಎಲೆ ಬೆಳೀತಿರೋದು ಕೆಳಗಿಂದ. ನಾವು ಕಾಂಡ ಅನ್ಕೊಂಡಿದ್ದು ಬರೀ ಎಲೆಬುಡಗಳ ಸುತ್ತು, ನಿಜವಾದ ಬೆಳವಣಿಗೆಯ ತುದಿ ಆಗ ಮಣ್ಣಿನ ಮಟ್ಟದಲ್ಲೇ ಇರುತ್ತೆ.

ವರ್ಧನ ಕೋಶಗಳಲ್ಲಿ ರಸದಾನಿ (ಕೋಶದೊಳಗೆ ನೀರು, ಆಹಾರ ಕೂಡಿಡೋ ಚೀಲ) ಯಾಕಿಲ್ಲ ಅಂತ ಪದೇ ಪದೇ ಕೇಳ್ತಾರೆ. ಅವುಕ್ಕೆ ಇರೋದು ಒಂದೇ ಕೆಲಸ, ವಿಭಜನೆ, ಹಾಗಾಗಿ ಸೈಟೋಪ್ಲಾಸಂ ದಟ್ಟ, ನ್ಯೂಕ್ಲಿಯಸ್ ದೊಡ್ಡದು, ಗೋಡೆ ತೆಳು, ಕೂಡಿಡೋಕೆ ಏನೂ ಇಲ್ಲ.

ಈ ಕೋಶಗಳೇ ಆಮೇಲೆ ವಿಭಜನೆ ನಿಲ್ಲಿಸಿ ಶಾಶ್ವತ ಅಂಗಾಂಶ ಆಗ್ತವೆ. ಪೇರಂಕೈಮಾ ಆಹಾರ ಕೂಡಿಡುತ್ತೆ, ಕೋಲಂಕೈಮಾ ಬಾಗೋ ಶಕ್ತಿ ಕೊಡುತ್ತೆ, ಸ್ಕ್ಲೀರಂಕೈಮಾದಲ್ಲಿ ಗೋಡೆ ಗಟ್ಟಿ ಮಾಡೋ ಲಿಗ್ನಿನ್ ಅನ್ನೋ ವಸ್ತು ತುಂಬಿ ಕೋಶ ಸತ್ತೇ ಹೋಗಿರುತ್ತೆ, ತೆಂಗಿನ ನಾರು ಅದೇ. ಆದ್ರೆ ಜೀವ ಇರೋ ಪೇರಂಕೈಮಾ ಬೇಕಾದಾಗ ಮತ್ತೆ ವಿಭಜನೆ ಶುರು ಮಾಡಬಲ್ಲದು, ದಾಸವಾಳದ ಕಡ್ಡಿ ನೆಟ್ರೆ ಬೇರು ಬರೋಕೆ ಇದೇ ಕಾರಣ, ಒಣಗಿದ ನಾರಿಗೆ ಆ ಚಾನ್ಸ್ ಇಲ್ಲ.