ನಿಯೊಥಾಮ

ನಿಯೊಥಾಮ ಎಂಬುದು ಪೂರ್ವ ಆಫ್ರಿಕಾದ ಟಾಂಗನಿಕಾ ಸರೋವರದಲ್ಲಿ ಮಾತ್ರ ಬದುಕಿರುವ ಸಿಹಿನೀರಿನ ಬಸವನಹುಳುವಿನ ಕುಲದ ಹೆಸರು. ಗ್ರೀಕ್ ಭಾಷೆಯಲ್ಲಿ ‘ನಿಯೊಸ್’ ಎಂದರೆ ಹೊಸತು, ‘ಥಾಮ’ ಎಂದರೆ ಬೆರಗು. 1880ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಎಡ್ಗರ್ ಸ್ಮಿತ್ ಇದನ್ನು ವಿವರಿಸಿದರು. ಇಂದು ಈ ಕುಲದಲ್ಲಿ ಉಳಿದಿರುವ ಪ್ರಭೇದ ಒಂದೇ, ನಿಯೊಥಾಮ ಟಾಂಗನಿಸೆನ್ಸೆ.

ಹೆಸರು ಹೇಳುವ ಬೆರಗನ್ನು ಜೀವಿಯ ರೂಪದಲ್ಲಿ ಹುಡುಕಿದರೆ ನಿರಾಸೆಯಾದೀತು. ಅದೇ ಸರೋವರದ ಬೇರೆ ಕೆಲವು ಬಸವನಹುಳುಗಳು ಮುಳ್ಳು ಹೊತ್ತ ಕಡಲ ಶಂಖಗಳಂತಿದ್ದು, ಸರೋವರಕ್ಕೂ ಸಮುದ್ರಕ್ಕೂ ಹಿಂದೊಮ್ಮೆ ಸಂಪರ್ಕವಿತ್ತೆಂಬ ವಾದಕ್ಕೇ (ಅದು ಮುಂದೆ ಬಿದ್ದುಹೋಯಿತು) ಎಡೆಮಾಡಿದ್ದವು. ನಿಯೊಥಾಮದ ಚಿಪ್ಪಾದರೋ ಸಾದಾ ಸುರುಳಿ. ಆದರೆ ಗಾತ್ರದಲ್ಲಿ ಅಲ್ಲಿನ ಬಸವನಹುಳುಗಳಿಗೆಲ್ಲ ಇದೇ ಹಿರಿದು. ಭಾರತದ ಕೆರೆ, ಹೊಂಡಗಳಲ್ಲಿ ಸಾಮಾನ್ಯವಾದ ಬೆಲ್ಲಾಮಿಯ ಬೆಂಗಾಲೆನ್ಸಿಸ್ ಇದರ ಕುಟುಂಬದ್ದೇ. ಈ ಕುಟುಂಬದ ಹೆಣ್ಣುಗಳು ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಪುಟ್ಟ ಚಿಪ್ಪು ಮೂಡಿದ ಮರಿಗಳನ್ನೇ ಹೆರುತ್ತವೆ.

ಟಾಂಗನಿಕಾ ಸುಮಾರು 1,470 ಮೀಟರ್ ಆಳವಿದ್ದು, ಆಳದಲ್ಲಿ ಬೈಕಲ್ ಸರೋವರಕ್ಕೆ ಮಾತ್ರ ಎರಡನೆಯದು. ಆದರೆ ಅದರ ತಳದ ನೀರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಬಸವನಹುಳುವಿಗೆ ದಕ್ಕುವುದು ದಡದ ಅಂಚಿನ ಪಟ್ಟಿಯಷ್ಟೇ. ಅಲ್ಲಿನ ನೀರು ಕ್ಷಾರೀಯವಾದ್ದರಿಂದ ಸತ್ತ ಹುಳುವಿನ ಚಿಪ್ಪು ಬೇಗ ಕರಗುವುದಿಲ್ಲ. ತಲೆಮಾರುಗಳ ಚಿಪ್ಪುಗಳು ಒಂದರ ಮೇಲೊಂದು ಕೂಡಿ ಮರಳಿನ ಮೇಲೆ ವಿಶಾಲವಾದ ಹಾಸುಗಳಾಗಿವೆ. ನನ್ನ ಮಟ್ಟಿಗೆ ಹೆಸರಿನ ಬೆರಗು ಇರುವುದು ಇಲ್ಲಿಯೇ, ಏಕೆಂದರೆ ಈ ಖಾಲಿ ಚಿಪ್ಪುಗಳನ್ನೇ ಮನೆ ಮಾಡಿಕೊಂಡ ಸಿಕ್ಲಿಡ್ ಮೀನುಗಳು ಹಲವಿವೆ.

ಅವುಗಳಲ್ಲಿ ನಿಯೊಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯಾಟಸ್ ಕೆಲವೇ ಸೆಂಟಿಮೀಟರ್ ಉದ್ದದ ಮೀನು. ಬಾಯಿಂದ ಮರಳನ್ನು ಎತ್ತಿ ಎತ್ತಿ ಆಚೆ ಉಗುಳಿ, ಹೂತುಹೋದ ಚಿಪ್ಪುಗಳನ್ನು ಹೊರತೆಗೆದು, ಗುಂಪಾಗಿ ಸಂಸಾರ ಹೂಡುತ್ತದೆ. ಲ್ಯಾಂಪ್ರೊಲೋಗಸ್ ಕ್ಯಾಲಿಪ್ಟೆರಸ್‌ನ ದಾರಿಯೇ ಬೇರೆ. ಅದರ ಗಂಡು ಹೆಣ್ಣಿಗಿಂತ ಹತ್ತಕ್ಕೂ ಹೆಚ್ಚು ಪಟ್ಟು ತೂಗುವುದರಿಂದ ಚಿಪ್ಪಿನೊಳಗೆ ತಾನು ಹಿಡಿಸುವುದಿಲ್ಲ. ಚಿಪ್ಪುಗಳನ್ನು ಬಾಯಲ್ಲಿ ಕಚ್ಚಿ ತಂದು ಗುಡ್ಡೆ ಹಾಕಿದರೆ, ಹೆಣ್ಣುಗಳು ಒಂದೊಂದರೊಳಗೆ ಸೇರಿ ಮೊಟ್ಟೆಯಿಟ್ಟು ಕಾಯುತ್ತವೆ. ನೆರೆಯ ಗಂಡಿನ ಗುಡ್ಡೆಯಿಂದ ಚಿಪ್ಪು ಕದಿಯುವುದೂ ಉಂಟು, ಕೆಲವೊಮ್ಮೆ ಒಳಗೆ ಕೂತ ಹೆಣ್ಣಿನ ಸಮೇತ.