ಕ್ರಿಯಾಟಿನಿನ್ ಏರಿದೆ: ರಿಜೆಕ್ಷನ್ನೋ, ವೈರಸ್ಸೋ?

ಕಿಡ್ನಿ ಕಸಿ ಪಾಠದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೊಂದೇ. ಕಸಿಯಾಗಿ ಕೆಲವು ತಿಂಗಳಾದ ರೋಗಿಯ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಶ್ಮಲ, ಏರಿದರೆ ಕಿಡ್ನಿಗೆ ಏನೋ ಆಗಿದೆ ಅಂತ) 1.2 ಇದ್ದದ್ದು 1.9 ಆಗಿದೆ ಅಂದುಕೊಳ್ಳಿ. ಜ್ವರವಿಲ್ಲ, ನೋವಿಲ್ಲ. ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದಿರಬಹುದು, ಅಂದರೆ ರಿಜೆಕ್ಷನ್. ಇಲ್ಲವೇ ಬಿಕೆ ವೈರಸ್ ಕಿಡ್ನಿಯನ್ನು ಕೆಡಿಸುತ್ತಿರಬಹುದು.

ತಲೆನೋವು ಶುರುವಾಗುವುದೇ ಇಲ್ಲಿ. ರಿಜೆಕ್ಷನ್ ಆದರೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಇನ್ನೂ ಅದುಮಬೇಕು. ಬಿಕೆ ಆದರೆ, ಆ ಶಕ್ತಿಯನ್ನು ಅದುಮಲು ಕಸಿಯಾದವರು ದಿನಾ ನುಂಗುವ ಮಾತ್ರೆಗಳನ್ನೇ ತಗ್ಗಿಸಬೇಕು. ಪೂರ್ತಿ ಉಲ್ಟಾ! ಬಿಕೆಯನ್ನು ನೇರವಾಗಿ ಕೊಲ್ಲುವ ನಂಬಿಕಸ್ತ ಔಷಧಿಯೂ ಇಲ್ಲ. ಅದಕ್ಕೇ ರಕ್ತದಲ್ಲಿ ಬಿಕೆ ಪಿಸಿಆರ್ (ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸುತ್ತಾರೆ, ಬಯಾಪ್ಸಿ (ಕಿಡ್ನಿಯ ಚೂರು) ತೆಗೆಯುತ್ತಾರೆ. ರಿಜೆಕ್ಷನ್ ಆಗಲಿ ಬಿಕೆ ಆಗಲಿ, ಕಿಡ್ನಿಯೊಳಗೆ ಉರಿಯೂತದ ಕಣಗಳು ತುಂಬಿರುತ್ತವೆ. ಹಾಗಾಗಿ ಆ ಚೂರಿಗೆ ಎಸ್‌ವಿ40 ಎಂಬ ವಿಶೇಷ ಬಣ್ಣ ಹಾಕಿ ವೈರಸ್ ಹಿಡಿದ ಜೀವಕೋಶಗಳನ್ನು ಹುಡುಕಬೇಕು. ಸುಮ್ನೆ ಊಹೆಯ ಮೇಲೆ ಸ್ಟೀರಾಯ್ಡ್ ಕೊಟ್ಟರೆ ವೈರಸ್‌ಗೆ ಹಬ್ಬ.

ಸಿಎಂವಿ (ಸೈಟೋಮೆಗಾಲೊವೈರಸ್) ಎಂಬ ಇನ್ನೊಂದು ವೈರಸ್‌ನ ಕಥೆ ಬೇರೆ. ನಮ್ಮ ದೇಶದಲ್ಲಿ ಹೆಚ್ಚಿನ ದೊಡ್ಡವರ ಮೈಯಲ್ಲಿ ಅದು ಮೊದಲೇ ಮಲಗಿರುತ್ತದೆ. ಮಾತ್ರೆಗಳಿಂದ ಕಾವಲು ಸಡಿಲವಾದಾಗ ಏಳುತ್ತದೆ: ಜ್ವರ, ಬೇಧಿ, ಬಿಳಿ ರಕ್ತಕಣ ಕುಸಿತ. ಎದ್ದರೆ ರಿಜೆಕ್ಷನ್ ಅಪಾಯ ಜಾಸ್ತಿ. ರಿಜೆಕ್ಷನ್‌ಗೆ ಎಟಿಜಿ (ರೋಗನಿರೋಧಕ ಶಕ್ತಿಯನ್ನು ಜೋರಾಗಿ ಅದುಮುವ ಔಷಧಿ) ಕೊಟ್ಟರೆ ಸಿಎಂವಿ ಏಳುವ ಅಪಾಯ ಜಾಸ್ತಿ. ಈ ಸುತ್ತು ತಪ್ಪಿಸಲು ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಎಂಬ ಸಿಎಂವಿ ತಡೆಯುವ ಮಾತ್ರೆ ಕೊಡುತ್ತಾರೆ. ಆದರೆ ಆ ಮಾತ್ರೆಯೂ ಬಿಳಿ ಕಣಗಳನ್ನು ಇಳಿಸಬಲ್ಲದು, ಮರೆಯಬೇಡಿ. ದಾನಿಗೆ ಸಿಎಂವಿ ಇದ್ದು, ಪಡೆದವರಿಗೆ ಹಿಂದೆ ಬಂದಿರದಿದ್ದರೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಅಂಥವರಿಗೆ ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ.

ಕ್ರಿಯಾಟಿನಿನ್ ಏರಲು ಮೂರನೇ ಕಾರಣವೂ ಉಂಟು, ರಿಜೆಕ್ಷನ್ ತಡೆಯಲು ದಿನಾ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯೇ. ರಕ್ತದಲ್ಲಿ ಅದರ ಮಟ್ಟ ಏರಿದರೆ ಕಿಡ್ನಿಗೆ ಪೆಟ್ಟು. ಬೇಧಿಯಾದಾಗ ಏರಬಹುದು. ಚಕ್ಕೋತ ತಿಂದರೂ ಏರಬಹುದು! ಚಿಕ್ಕಬಳ್ಳಾಪುರದವರಾದ ನಮಗೆ ಪಕ್ಕದ ದೇವನಹಳ್ಳಿ ಚಕ್ಕೋತ ಅಂದರೆ ಹೆಮ್ಮೆ ಅಲ್ವಾ? ಕಸಿಯಾದವರಿಗೆ ಮಾತ್ರ ಅದು ಬೇಡ. "ಹಣ್ಣು ತಿನ್ನಿ ಅಜ್ಜಿ" ಅಂತ ವಾರ್ಡಿನಲ್ಲಿ ಹೇಳುವ ಮುಂಚೆ ಯಾವ ಹಣ್ಣು ಅಂತಲೂ ಹೇಳಿ.

ಇನ್ನೊಂದು. ಟ್ಯಾಕ್ರೊಲಿಮಸ್ ಮಟ್ಟ ನೋಡಲು ರಕ್ತ ತೆಗೆಯುವುದು ಬೆಳಗಿನ ಮಾತ್ರೆಗೆ ಮುಂಚೆ. ಮುಂಜಾನೆ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು ಮನೆಯಲ್ಲೇ ಮಾತ್ರೆ ನುಂಗಿ ಹೋದರೆ ರಿಪೋರ್ಟ್‌ನಲ್ಲಿ ಮಟ್ಟ ಸುಳ್ಳೇ ಜಾಸ್ತಿ ಕಾಣುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ರಿಜೆಕ್ಷನ್‌ಗೆ ದಾರಿ. ಮಾತ್ರೆ ಚೀಲದಲ್ಲಿರಲಿ, ರಕ್ತ ಕೊಟ್ಟ ತಕ್ಷಣ ನುಂಗಲಿ.