ಗಣಿಕೆ ಹಣ್ಣು ವಿಷವಾ? ಮತ್ತೊಮ್ಮೆ ಹೇಳುತ್ತೇನೆ, ಅಲ್ಲ

ಓದುಗರ ಪ್ರಶ್ನೆ: ನಮ್ಮ ಹಿತ್ತಲಲ್ಲಿ ಗಣಿಕೆ ಗಿಡ ತಾನಾಗಿಯೇ ಬೆಳೆದಿದೆ. ಮಗ ಅದರ ಕಪ್ಪು ಹಣ್ಣು ಕಿತ್ತು ತಿಂದ. ಫೋನಿನಲ್ಲಿ ಹುಡುಕಿದರೆ ಭಯಂಕರ ವಿಷ ಅಂತ ಬಂತು. ನಮ್ಮತ್ತೆ ಮಾತ್ರ ‘ಬಾಯಿ ಹುಣ್ಣಿಗೆ ಅದೇ ಮದ್ದು’ ಅಂತಾರೆ. ಯಾರ ಮಾತು ನಂಬಲಿ?

ಅತ್ತೆಯ ಮಾತು. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು.

ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ಮಗುವಿನ ವಯಸ್ಸು ಬೇರೆ, ಗಾಬರಿ ಮಾತ್ರ ಅದೇ. ಹಾಗಾಗಿ ಸುತ್ತು ಬಳಸದೆ ಹೇಳಿಬಿಡುತ್ತೇನೆ. ಚೆನ್ನಾಗಿ ಮಾಗಿ ಕಪ್ಪಾದ ಗಣಿಕೆ ಹಣ್ಣು ವಿಷ ಅಲ್ಲ. ಹಸಿರು ಕಾಯಿಯನ್ನು ಹಸಿಯಾಗಿ ತಿನ್ನಬಾರದು. ಸೊಪ್ಪನ್ನು ಬೇಯಿಸಿಯೋ ಹುರಿದೋ ತಿನ್ನಬೇಕು. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ಈಗ ಆ ‘ಭಯಂಕರ ವಿಷ’ದ ವಿಚಾರ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮತ್ತೆ ಹೊಸದಾಗಿ ಚಿಗುರಿಕೊಂಡು ಬರುತ್ತದೆ. ನಿಮ್ಮ ಫೋನು ಹೆದರಿಸಿದ್ದು ಬೆಲಡೋನ ಎಂಬ ಬೇರೆಯೇ ಗಿಡವನ್ನು ನೋಡಿ. ಅದು ಯುರೋಪಿನ ಗಿಡ. ಅದರ ಭಾರತದ ದಾಯಾದಿ ಇರುವುದು ಕಾಶ್ಮೀರ, ಹಿಮಾಚಲದ ಕಡೆಯ ಎತ್ತರದ ಬೆಟ್ಟಗಳ ತಂಪಿನಲ್ಲಿ. ತುಮಕೂರಿನ ಹಿತ್ತಲಲ್ಲಿ, ಮಂಡ್ಯದ ಕಬ್ಬಿನ ಗದ್ದೆ ಬದುವಿನಲ್ಲಿ ಅದು ತಾನಾಗಿ ಹುಟ್ಟಿ ಬೆಳೆಯುವ ಮಾತೇ ಇಲ್ಲ. ಎರಡೂ ಬದನೆಯ ಕುಟುಂಬಕ್ಕೆ ಸೇರಿದವು, ಎರಡರ ಹಣ್ಣೂ ಕಪ್ಪು. ಹೋಲಿಕೆ ಅಷ್ಟಕ್ಕೇ ಮುಗಿಯಿತು. ಅದೇ ಕುಟುಂಬದಲ್ಲಿ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿಯೂ ಇವೆ. ಅವುಗಳ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಅಲ್ವಾ?

ಅನುಮಾನ ಇದ್ದವರು ಗಿಡದ ಹತ್ತಿರ ಹೋಗಿ ನೋಡಿ. ಗಣಿಕೆಯ ಹೂವು ಪುಟ್ಟದು, ಬಿಳಿ, ಐದು ಎಸಳು, ನಡುವೆ ಹಳದಿ ಮೂತಿ. ಥೇಟು ಮೆಣಸಿನ ಹೂವಿನ ತಂಗಿಯ ಹಾಗೆ. ಹಣ್ಣುಗಳು ಒಂದೇ ತೊಟ್ಟಿನಿಂದ ನಾಲ್ಕೈದು ಜೋತಾಡುವ ಸಣ್ಣ ಗೊಂಚಲು, ಬಟಾಣಿ ಗಾತ್ರ. ಬೆಲಡೋನದ ಹೂವು ಗಂಟೆಯಂತೆ ತೂಗುತ್ತದೆ, ಬಣ್ಣ ಮಂಕು ನೇರಳೆ. ಅದರಲ್ಲಿ ಗೊಂಚಲು ಇಲ್ಲ. ಹಣ್ಣು ಒಂದೊಂದೇ, ಗಣಿಕೆಗಿಂತ ಎರಡು ಪಟ್ಟು ದೊಡ್ಡದು, ಐದು ಮೂಲೆಯ ಹಸಿರು ನಕ್ಷತ್ರದ ಮೇಲೆ ಕೂರಿಸಿಟ್ಟಂತೆ ಇರುತ್ತದೆ. ಇದು ಒಂದು ಸಲ ಕಣ್ಣಿಗೆ ಬಿದ್ದರೆ ಸಾಕು, ಆಮೇಲೆ ಗೊಂದಲವೇ ಆಗುವುದಿಲ್ಲ.

ಒಳಗಿನ ವಿಷವೂ ಬೇರೆ. ಬೆಲಡೋನದಲ್ಲಿ ಇರುವುದು ಅಟ್ರೋಪಿನ್. ಕಣ್ಣಿನ ಡಾಕ್ಟರು ಪಾಪೆ ಅಗಲ ಮಾಡಲು ಹಾಕುವ ಹನಿಯಲ್ಲಿ ಬಳಸುವ ಔಷಧಿ ಅದು. ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಕುಡಿದವರನ್ನು ಆಸ್ಪತ್ರೆಗೆ ತಂದಾಗ ಕೊಡುವ ಇಂಜೆಕ್ಷನ್ನೂ ಅದೇ. ಗಣಿಕೆಯ ಹಸಿರು ಕಾಯಿಯಲ್ಲಿ ಇರುವುದು ಸೊಲನಿನ್ ಗುಂಪಿನ ಕಹಿ ಪದಾರ್ಥ. ಬೆಳಕಿಗೆ ಬಿದ್ದು ಹಸಿರಾದ ಆಲೂಗಡ್ಡೆಯಲ್ಲಿ ಇರುತ್ತದಲ್ಲ, ಅದೇ. ಆಲೂಗಡ್ಡೆಯಲ್ಲಿ ಇದು ಕೆಜಿಗೆ 200 ಮಿಲಿಗ್ರಾಂ ಮೀರಬಾರದು ಎಂಬುದು ಬಹಳ ದೇಶಗಳಲ್ಲಿ ಪಾಲಿಸುವ ಮಿತಿ. ಹಣ್ಣು ಮಾಗುತ್ತಾ ಹೋದ ಹಾಗೆ ಕಹಿ ಇಳಿಯುತ್ತದೆ, ಸಿಹಿ ಏರುತ್ತದೆ. ನಾಲಿಗೆಗೇ ಗೊತ್ತಾಗುತ್ತದೆ. ಕಹಿ ಅನ್ನಿಸಿದರೆ ಉಗಿಯಿರಿ, ಮಕ್ಕಳಿಗೂ ಅದನ್ನೇ ಕಲಿಸಿ.

ಈ ಗಾಬರಿ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ಹೆಸರಾಂತ ಸಸ್ಯ ತಳಿಗಾರ ಇದೇ ಜಾತಿಯ ಒಂದು ಗಿಡ ತಂದ. 1909ರಲ್ಲಿ ಬೀಜದ ವ್ಯಾಪಾರಿಯೊಬ್ಬ ಅದನ್ನು ‘ವಂಡರ್‌ಬೆರಿ’ ಅಂತ ಮಾರಿದ. ಇದು ಬರೀ ಕಳೆ ಗಿಡ, ವಿಷ ಬೇರೆ ಅಂತ ಅಲ್ಲಿನ ಪತ್ರಿಕೆಯಲ್ಲಿ ದೊಡ್ಡ ಜಗಳವೇ ನಡೆಯಿತು. ಆ ಹಣ್ಣನ್ನು ಬೆಳೆದು ಜ್ಯಾಮ್ ಮಾಡಿ ತಿನ್ನುವವರು ಇವತ್ತಿಗೂ ಇದ್ದಾರೆ. ಕೆನ್ಯಾದಲ್ಲಿ ಇದರ ಬಳಗದ ಸೊಪ್ಪನ್ನು ‘ಮನಗು’ ಅಂತ ಮಾರುಕಟ್ಟೆಯಲ್ಲಿ ಕಟ್ಟುಗಟ್ಟಲೆ ಮಾರುತ್ತಾರೆ. ಅಂದರೆ ನಿಮ್ಮ ಅತ್ತೆಯ ಪಕ್ಷದಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಿಜವಾಗಿ ಹೆದರಬೇಕಾದ ಗಿಡ ನಮ್ಮ ಬೇಲಿಯಲ್ಲೇ ಇದೆ, ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಉಮ್ಮತ್ತಿ, ದತ್ತೂರಿ ಅಂತೀವಲ್ಲ, ಅದು. ಬೆಲಡೋನದ ಅದೇ ಅಟ್ರೋಪಿನ್ ಜಾತಿಯ ವಿಷ ಅದರ ಎಲೆ, ಬೀಜ ಎಲ್ಲದರಲ್ಲೂ ಇದೆ. ಅದರ ಕಾಯಿಗೆ ಮೈತುಂಬಾ ಮುಳ್ಳು, ಹೂವು ಉದ್ದನೆಯ ಕಹಳೆ. ಆದರೆ ಎಳೆ ಗಿಡಕ್ಕೆ ಹೂವೂ ಇಲ್ಲ, ಕಾಯಿಯೂ ಇಲ್ಲ. ಗೊತ್ತಿಲ್ಲದವರು ಸೊಪ್ಪು ಕೊಯ್ಯುವಾಗ ಅದೂ ಜೊತೆಗೆ ಸೇರಿಕೊಳ್ಳಬಹುದು. ಅದಕ್ಕೇ ನನ್ನ ನಿಯಮ: ಹೂವು ಬರುವ ತನಕ ಕಾಯಿರಿ, ಹೂವು ನೋಡಿ ಸೊಪ್ಪು ಕೊಯ್ಯಿರಿ. ಗಿಡದಲ್ಲಿ ಮುಳ್ಳು ಕಂಡರೆ ಅದು ಗಣಿಕೆ ಅಲ್ಲ.

ಮಗ ತಿಂದದ್ದು ಕಪ್ಪು ಹಣ್ಣೇ ಆಗಿದ್ದರೆ ಸುಮ್ನೆ ಇರಿ. ಹಸಿರು ಕಾಯಿಯನ್ನೂ ಸೇರಿಸಿ ತಿಂದಿದ್ದರೆ ಮರುದಿನದವರೆಗೆ ಗಮನಿಸಿ. ವಾಂತಿ, ಹೊಟ್ಟೆನೋವು, ಭೇದಿ, ತಲೆನೋವು ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು. ಆಗ ಡಾಕ್ಟರ ಹತ್ತಿರ ಹೋಗಿ. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮುಖ ಕೆಂಪಾಗಿ, ಮಗು ಏನೇನೋ ಬಡಬಡಿಸಿದರೆ ಅದು ಸಾಮಾನ್ಯವಾಗಿ ಗಣಿಕೆಯ ಕೆಲಸ ಅಲ್ಲ. ಮೊದಲು ಉಮ್ಮತ್ತಿಯ ಮೇಲೆ ಅನುಮಾನ ಪಡಿ. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ. ಗಿಡದ ಒಂದು ರೆಂಬೆ ಮುರಿದು ಜೊತೆಗೆ ತೆಗೆದುಕೊಂಡು ಹೋಗಿ, ಅಲ್ಲಿನವರಿಗೆ ಗುರುತು ಸಿಗುತ್ತದೆ.

ಇನ್ನು ಮದ್ದಿನ ವಿಚಾರ. ಬಾಯಿ ಹುಣ್ಣಿಗೆ ಗಣಿಕೆ ಸೊಪ್ಪಿನ ತಂಬುಳಿ ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ. ತುಪ್ಪದಲ್ಲಿ ಜೀರಿಗೆ, ಒಂದೆರಡು ಕಾಳುಮೆಣಸು, ಸೊಪ್ಪು ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸುವುದು. ಹುಣ್ಣಿನ ಬಾಯಿಗೆ ಖಾರವಿಲ್ಲದ ತಣ್ಣನೆ ಊಟ ಹಿತ. ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಸಾಮಾನ್ಯ ಬಾಯಿ ಹುಣ್ಣು ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಮೂರು ವಾರ ಕಳೆದರೂ ಹೋಗದ ಹುಣ್ಣಿಗೆ ತಂಬುಳಿ ಮಾಡುತ್ತಾ ಕೂರಬೇಡಿ. ಅದರಲ್ಲೂ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸ ಇದ್ದವರು ಡಾಕ್ಟರಿಗೆ ತೋರಿಸಲೇಬೇಕು.

ಕಾಮಾಲೆಗೆ ಸೊಪ್ಪಿನ ಹಸಿ ರಸ ಲೋಟಗಟ್ಟಲೆ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಗಣಿಕೆಯ ಸಾರ ಲಿವರಿಗೆ ಒಳ್ಳೆಯದು ಮಾಡಿದ್ದು ನಿಜ. ಅದರಿಂದ ಮನುಷ್ಯರ ಕಾಮಾಲೆ ವಾಸಿಯಾಗುತ್ತದೆ ಅಂತ ಆಗುವುದಿಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕ ಜನರಿಗೆ ವಿಶ್ರಾಂತಿ ಪಡೆದರೆ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಕೊನೆಗೆ ಹೆಸರು ಬರುವುದು ಆ ವಾರ ಕುಡಿದ ರಸಕ್ಕೆ. ಬಸುರಿಯರು ಊಟದ ಸೊಪ್ಪಿನ ಪ್ರಮಾಣ ಮೀರಿ ಇದನ್ನು ಮದ್ದಾಗಿ ತೆಗೆದುಕೊಳ್ಳುವುದು ಬೇಡ. ಕಳೆನಾಶಕ ಹೊಡೆದ ಹೊಲದ ಬದು, ಚರಂಡಿ ಪಕ್ಕ, ಇಲ್ಲೆಲ್ಲ ಗಣಿಕೆ ಸೊಂಪಾಗಿ ಬೆಳೆಯುತ್ತದೆ. ಅಲ್ಲಿಯದನ್ನು ಕೀಳಬೇಡಿ. ಇಂಥ ಜಾಗದ ಸೊಪ್ಪಿನಿಂದ ಆಗುವ ತೊಂದರೆಯನ್ನು ಗಿಡದ ತಲೆಗೆ ಕಟ್ಟುವುದು ಅನ್ಯಾಯ.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಬೇಕಿತ್ತು, ಕೇಳಲಿಲ್ಲ: ಹಸಿರು ಕಾಯಿ ಕೆಟ್ಟದ್ದಾದರೆ ತಮಿಳರ ಮಣತ್ತಕ್ಕಾಳಿ ವತ್ತಲ್ ಹೇಗೆ? ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಆ ಒಣಗಿದ ಕಪ್ಪು ಕಾಳು ಗಣಿಕೆಯದೇ, ಅದೂ ಬಲಿತ ಹಸಿರು ಕಾಯಿಯದು. ಒಳ್ಳೆಯ ಪ್ರಶ್ನೆ, ನಾನೇ ಕೇಳಿಕೊಂಡಿದ್ದರೂ. ಅವರು ಕಾಯಿಯನ್ನು ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ, ಮತ್ತೆ ಒಣಗಿಸುತ್ತಾರೆ. ಸೊಲನಿನ್ ಬರೀ ನೀರಿಗಿಂತ ಹುಳಿಯಲ್ಲಿ ಜಾಸ್ತಿ ಕರಗುತ್ತದೆ. ಆದರೆ ಮುಖ್ಯ ಸಂಗತಿ ಅಳತೆ. ಎಣ್ಣೆಯಲ್ಲಿ ಕರಿದು ಅನ್ನಕ್ಕೆ ಕಲಸುವುದು ಒಂದು ಚಮಚ, ಇಲ್ಲವೇ ಇಡೀ ಮನೆಯ ಕುಳಂಬಿಗೆ, ಅಂದರೆ ಹುಳಿ ಸಾರಿಗೆ, ಒಂದು ಹಿಡಿ. ಮಗು ಗಿಡದ ಬುಡದಲ್ಲಿ ಕೂತು ಬೊಗಸೆ ತುಂಬ ಹಸಿ ಕಾಯಿ ಮುಕ್ಕುವುದಕ್ಕೂ ಇದಕ್ಕೂ ಬಹಳ ದೂರ. ಹಾಗಂತ ಹಸಿ ಕಾಯಿಯನ್ನು ನೇರವಾಗಿ ಹುರಿದು ಅದೇ ವತ್ತಲ್ ಅಂದುಕೊಳ್ಳಬೇಡಿ, ಅಡುಗೆಯ ಬಿಸಿಗೆ ಸೊಲನಿನ್ ಅಷ್ಟು ಸುಲಭವಾಗಿ ಹಾಳಾಗುವುದಿಲ್ಲ. ಇನ್ನು ಬಿಪಿ ಇರುವವರಿಗೆ ವತ್ತಲ್‌ನಲ್ಲಿ ಯೋಚನೆ ಮಾಡಬೇಕಾದ್ದು ಸೊಲನಿನ್ ಅಲ್ಲ, ಉಪ್ಪು.